ಸಿಧ್ಮ, ಕಚ್ಛು, ದದ್ರು: ಜೈನ ವೈದ್ಯವಾಙ್ಮಯದಲ್ಲಿ ಚರ್ಮರೋಗ ಪರೀಕ್ಷೆ

ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ನಿರೂಪಿತವಾದ 22 ಪರೀಷಹಗಳ ಪೈಕಿ ಹದಿನಾರನೆಯದು ರೋಗ, ಹದಿನೆಂಟನೆಯದು ಮಲ. ಈ ಹದಿನೆಂಟನೆಯ ಪರೀಷಹವನ್ನು ವಿವರಿಸುವಾಗ ಸರ್ವಾರ್ಥಸಿದ್ಧಿಕಾರರಾದ ಪೂಜ್ಯಪಾದರು ಮೂರು ರೋಗಗಳ ಹೆಸರನ್ನು ಎತ್ತಿದ್ದಾರೆ: ಸಿಧ್ಮ, ಕಚ್ಛು, ದದ್ರು. ಜಲಕಾಯ ಜೀವಗಳಿಗೆ ಪೀಡೆಯಾಗಬಾರದೆಂದು ಮರಣಪರ್ಯಂತ ಅಸ್ನಾನವ್ರತವನ್ನು ಧರಿಸಿದ ಮುನಿಯ ಮೈಯಲ್ಲಿ ಬಿಸಿಲಿನಿಂದ ಬೆವರು ಸುರಿಯುತ್ತದೆ. ಗಾಳಿ ತಂದ ಧೂಳು ಅದಕ್ಕೆ ಅಂಟಿಕೊಳ್ಳುತ್ತದೆ. ಈ ಮೂರು ರೋಗಗಳ ತುರಿಕೆ ಕೆರಳುತ್ತದೆ. ಆದರೂ ಮುನಿಯು ಕೆರೆದುಕೊಳ್ಳುವುದಿಲ್ಲ, ಉಜ್ಜಿಕೊಳ್ಳುವುದಿಲ್ಲ, ಗೋಡೆಗೋ ಮರಕ್ಕೋ ಮೈ ತಿಕ್ಕುವುದಿಲ್ಲ ಎಂಬುದು ಅಲ್ಲಿಯ ತಾತ್ಪರ್ಯ. ಸಿದ್ಧಾಂತಗ್ರಂಥವನ್ನು ಪಾಠ ಮಾಡುವವರು ಈ ಮೂರು ಹೆಸರುಗಳನ್ನು ಸಾಮಾನ್ಯವಾಗಿ ಒಂದು ಸಮಾಸದ ಅಂಗಗಳೆಂದು ಓದಿ ಮುಂದೆ ಸಾಗುತ್ತಾರೆ. ವೈದ್ಯಗ್ರಂಥಗಳ ಓಲೆಗಳನ್ನು ಕಂಡವರಿಗೆ ಮಾತ್ರ ಅವು ಸುಮ್ಮನೆ ಬಂದ ಶಬ್ದಗಳಲ್ಲವೆಂಬುದು ಹೊಳೆಯುತ್ತದೆ. ಇವು ಮೂರು ಬೇರೆ ಬೇರೆ ರೋಗಗಳು, ಮೂರಕ್ಕೂ ಬೇರೆ ಬೇರೆ ಲಕ್ಷಣಗಳು ಶಾಸ್ತ್ರದಲ್ಲಿ ಹೇಳಲ್ಪಟ್ಟಿವೆ. ಇಂದಿಗೂ ಯಾವುದೇ ಪ್ರಾಥಮಿಕ ಆರೋಗ್ಯ ಕೇಂದ್ರದ ಬಾಗಿಲಿಗೆ ಮೈ ತುರಿಸಿಕೊಳ್ಳುತ್ತ ಬರುವವರಲ್ಲಿ ಬಹುಮಂದಿಯ ರೋಗಗಳು ಇವೇ ಆಗಿವೆ.

ಪೂಜ್ಯಪಾದರನ್ನು ವೈದ್ಯಶಾಸ್ತ್ರಕಾರರೆಂದು ಸ್ಮರಿಸುವ ಪರಂಪರೆ ಹಳೆಯದು. ಹುಂಚದ ಶಾಸನವೊಂದು ಜೈನೇಂದ್ರ ವ್ಯಾಕರಣ ಮತ್ತು ತತ್ತ್ವಾರ್ಥಟೀಕೆಗಳ ಜೊತೆಯಲ್ಲೇ ಮನುಷ್ಯರಿಗೆ ಹಿತವಾದ ವೈದ್ಯಶಾಸ್ತ್ರವನ್ನೂ ಅವರು ರಚಿಸಿದರೆಂದು ಹೇಳುತ್ತದೆ. ಜ್ಞಾನಾರ್ಣವದ ಕರ್ತೃವಾದ ಶುಭಚಂದ್ರಾಚಾರ್ಯರು ದೇವನಂದಿಗಳ ವಚನವು ದೇಹ, ವಾಕ್ಕು, ಚಿತ್ತಗಳ ಕಲಂಕವನ್ನು ಕಳೆಯುವುದೆಂದು ಸ್ತುತಿಸುವಾಗ ದೇಹದ ಮಾತಿನಲ್ಲಿ ವೈದ್ಯವೇ ಅಭಿಪ್ರೇತವೆಂಬುದು ವಿದ್ವಾಂಸರ ಒಪ್ಪಿತ. ಉಗ್ರಾದಿತ್ಯಾಚಾರ್ಯರು ತಮ್ಮ ಪೂರ್ವಸೂರಿಗಳನ್ನು ಎಣಿಸುವಾಗ ಶಾಲಾಕ್ಯಕ್ಕೆ ಪೂಜ್ಯಪಾದರನ್ನೂ, ಶಲ್ಯಕ್ಕೆ ಪಾತ್ರಸ್ವಾಮಿಗಳನ್ನೂ, ವಿಷ ಮತ್ತು ಉಗ್ರಗ್ರಹಗಳಿಗೆ ಸಿದ್ಧಸೇನರನ್ನೂ, ಕಾಯಚಿಕಿತ್ಸೆಗೆ ದಶರಥಗುರುಗಳನ್ನೂ, ಬಾಲಚಿಕಿತ್ಸೆಗೆ ಮೇಘನಾದರನ್ನೂ ಹೆಸರಿಸಿದ್ದಾರೆ. ಚರ್ಮರೋಗಗಳು ಸೇರುವುದು ಕಾಯಚಿಕಿತ್ಸೆಗೆ. ದಶರಥಗುರುಗಳ ಆ ಗ್ರಂಥ ಕೈಗೆ ಬಾರದೆ ಹೋದದ್ದು ಜೈನ ವೈದ್ಯದ ಇತಿಹಾಸದಲ್ಲಿ ದೊಡ್ಡ ನಷ್ಟ. ಆದ್ದರಿಂದಲೇ ಸಿದ್ಧಾಂತ, ಪುರಾಣ, ಶ್ರಾವಕಾಚಾರಗಳಲ್ಲಿ ಚದುರಿಬಿದ್ದಿರುವ ರೋಗನಾಮಗಳಿಗೆ ಬೆಲೆ ಹೆಚ್ಚು. ಈ ಹೆಸರುಗಳನ್ನು ಸರಿಯಾಗಿ ಗುರುತಿಸದಿದ್ದರೆ ಆಗುವ ಹಾನಿ ಗ್ರಂಥಕ್ಕೆ ಮಾತ್ರ ಸೀಮಿತವಲ್ಲ. ಅದು ಮನುಷ್ಯರನ್ನೂ ತಟ್ಟುತ್ತದೆ.

ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡ ತಾಲೂಕಿನ ಅತ್ತಿವೇರಿಯನ್ನು ಇಲ್ಲಿ ನೆನೆಯಲು ಕಾರಣವಿದೆ. ಜಲಾಶಯದಿಂದಲೂ ಅದನ್ನಾಶ್ರಯಿಸಿದ ಪಕ್ಷಿಧಾಮದಿಂದಲೂ ಈಗ ಹೆಸರಾಗಿರುವ ಈ ಊರು ಮಲೆನಾಡಿನ ಕಾಡೂ ಧಾರವಾಡ ಸೀಮೆಯ ಬಯಲೂ ಕೂಡುವ ಅಂಚಿನಲ್ಲಿದೆ. ಇದನ್ನು ನಡುವಿಟ್ಟುಕೊಂಡು ಸುತ್ತ ನೋಡಿದರೆ ಜೈನ ವಾಙ್ಮಯದ ಹಲವು ನೆಲೆಗಳು ಕಾಣುತ್ತವೆ. ತೆಂಕಣಕ್ಕೆ ಕದಂಬರ ಬನವಾಸಿ. ಕನ್ನಡ ಭಾಷೆಗೆ 1604ರಲ್ಲಿ ಶಬ್ದಾನುಶಾಸನವನ್ನು ಕೊಟ್ಟ ಭಟ್ಟಾಕಳಂಕರ ಸೋದೆ. ಘಟ್ಟದ ಕೆಳಗೆ ಸಾಳ್ವ ಅರಸರ ಗೇರುಸೊಪ್ಪೆ, ಹಾಡುವಳ್ಳಿ. ಮೂಡಣ ಬಯಲಿನಲ್ಲಿ ನಯಸೇನನ ಮುಳುಗುಂದ. ಗೇರುಸೊಪ್ಪೆಯ ಸಾಳ್ವಮಲ್ಲನ ಆಶ್ರಯದಲ್ಲಿದ್ದ ಸಾಳ್ವಕವಿಯು ಹದಿನಾರನೆಯ ಶತಮಾನದಲ್ಲಿ ಭಾರತವನ್ನೂ ರಸರತ್ನಾಕರವನ್ನೂ ಬರೆದಂತೆ ವೈದ್ಯಸಾಂಗತ್ಯವನ್ನೂ ಬರೆದನು. ಅಲಂಕಾರಶಾಸ್ತ್ರವನ್ನು ಬಲ್ಲ ಕವಿ ವೈದ್ಯವನ್ನು ಹಾಡಿಕೊಳ್ಳಬಹುದಾದ ಸಾಂಗತ್ಯಕ್ಕೆ ಇಳಿಸಿದ್ದು, ಆ ವಿದ್ಯೆ ಶ್ರಾವಕರ ಮನೆಮನೆಗೂ ಬೇಕಾಗಿತ್ತೆಂಬುದಕ್ಕೆ ಸಾಕ್ಷಿ. ಇನ್ನು ಅತ್ತಿವೇರಿಯ ಹೆಸರಿನಲ್ಲಿ ಕೇಳಿಬರುವ ‘ಅತ್ತಿ’ ಎಂಬುದು ಔದುಂಬರ ವೃಕ್ಷದ ಅಚ್ಚಗನ್ನಡ ಹೆಸರು. ಆ ಮರದ ಹಣ್ಣು ತ್ರಸಜೀವಗಳಿಂದ ತುಂಬಿರುವುದರಿಂದ ಶ್ರಾವಕರಿಗೆ ವರ್ಜ್ಯ, ಪಂಚೋದುಂಬರಗಳಲ್ಲಿ ಒಂದು. ಅದೇ ಹಣ್ಣಿನ ಹೋಲಿಕೆಯಿಂದ ಹೆಸರು ಪಡೆದ ಔದುಂಬರ ಕುಷ್ಠದ ಪ್ರಸ್ತಾಪ ಮುಂದೆ ಬರಲಿದೆ.

ಮಳೆಗಾಲ ಹಿಡಿದರೆ ತಿಂಗಳುಗಟ್ಟಲೆ ಒಣಗದ ಬಟ್ಟೆ, ಗದ್ದೆಯ ಕೆಸರು, ಬೇಸಗೆಯಲ್ಲಿ ಬೆವರು, ಒಂದೇ ಕಂಬಳಿಯಲ್ಲಿ ಮಲಗುವ ಮಕ್ಕಳು: ಇಂತಹ ಸೀಮೆಯಲ್ಲಿ ಮೇಲೆ ಹೇಳಿದ ಮೂರು ರೋಗಗಳೂ ಮನೆಯ ನೆಂಟರಂತೆ ಇರುತ್ತವೆ. ಜನರ ಬಾಯಲ್ಲಿ ಅವುಗಳ ಹೆಸರು ಬೇರೆ. ಸಿಧ್ಮವನ್ನು ಚಿಬ್ಬು, ಸಿಬ್ಬ ಎನ್ನುತ್ತಾರೆ. ಕಚ್ಛುವಿಗೆ ಕಜ್ಜಿ, ತುರಿಕಜ್ಜಿ ಎಂದು ಹೆಸರು. ದದ್ರುವಿಗೆ ಗಜಕರ್ಣ, ಹುಳುಕಡ್ಡಿ ಎಂಬ ಮಾತುಗಳಿವೆ. ಇಲ್ಲಿ ಓಲೆಯ ಓದುಗನು ಎಚ್ಚರದಿಂದಿರಬೇಕಾದ ಒಂದು ಸ್ಥಳವಿದೆ. ದದ್ರು ಶಬ್ದದ ತದ್ಭವ ದದ್ದು. ಇಂದಿನ ಕನ್ನಡದಲ್ಲಿ ದದ್ದು ಎಂದರೆ ಮೈಮೇಲೆ ಒಮ್ಮೆಲೆ ಎದ್ದು ಕೆಲವು ಗಳಿಗೆಯಲ್ಲಿ ಇಳಿಯುವ ಗಂಧೆಯೂ ಆಗಬಹುದು, ದಡಾರದ ಮಚ್ಚೆಯೂ ಆಗಬಹುದು. ಹಳೆಯ ವೈದ್ಯದ ಓಲೆಯಲ್ಲಿ ‘ದದ್ದಿಗೆ’ ಎಂದಿದ್ದರೆ ಅದು ಬಹುಮಟ್ಟಿಗೆ ಅಂಚು ಎದ್ದ ಮಂಡಲಾಕಾರದ ಹುಳುಕಡ್ಡಿಯೇ. ಈ ಭೇದವನ್ನು ತಿಳಿಯದೆ ಅರ್ಥ ಬರೆದರೆ ಮದ್ದಿಗೂ ರೋಗಕ್ಕೂ ಸಂಬಂಧವೇ ಇರುವುದಿಲ್ಲ.

ಪ್ರಾಚೀನರು ಇವುಗಳನ್ನು ಪರೀಕ್ಷಿಸಿದ ಕ್ರಮ ಮೆಚ್ಚತಕ್ಕದ್ದು. ಚರಕಸಂಹಿತೆ ಸಿಧ್ಮವನ್ನು ವರ್ಣಿಸುವಾಗ ಬಣ್ಣ ಬಿಳುಪು ಅಥವಾ ತಾಮ್ರ, ತೆಳುವಾದದ್ದು, ಪ್ರಾಯಶಃ ಎದೆಯ ಮೇಲೆ ಬರತಕ್ಕದ್ದು, ಉಜ್ಜಿದರೆ ಪುಡಿ ಉದುರಿಸುವಂಥದ್ದು ಎಂದು ಹೇಳುತ್ತದೆ. ಈ ಕೊನೆಯ ಮಾತು ವರ್ಣನೆಗಿಂತ ಹೆಚ್ಚಾಗಿ ಒಂದು ಪರೀಕ್ಷೆ. ಇಂದಿನ ವೈದ್ಯನೂ ಮಚ್ಚೆಯ ಮೇಲೆ ಉಗುರಿನಿಂದ ಮೆಲ್ಲನೆ ಗೀರಿ, ಸಣ್ಣ ಹೊಟ್ಟು ಏಳುತ್ತದೆಯೆ ಎಂದು ನೋಡಿಯೇ ಚಿಬ್ಬನ್ನು ನಿಶ್ಚಯಿಸುತ್ತಾನೆ. ದದ್ರುವಿಗೆ ತುರಿ, ಕೆಂಪು, ಗುಳ್ಳೆ, ಉಬ್ಬಿದ ಮಂಡಲ ಎಂಬ ನಾಲ್ಕು ಲಕ್ಷಣಗಳು. ಅಂಚು ಹಬ್ಬುತ್ತ ನಡುವೆ ಮಾಯುವ ಉಂಗುರವನ್ನು ಒಮ್ಮೆ ಕಂಡವರಿಗೆ ಇದು ಸಾಕು. ಕಚ್ಛುವಿನ ವಿಷಯದಲ್ಲಿ ಸುಶ್ರುತಸಂಹಿತೆ ಇನ್ನೂ ಸೂಕ್ಷ್ಮ. ಸಣ್ಣ ಸಣ್ಣ ಸ್ರವಿಸುವ ತುರಿಗುಳ್ಳೆ ಪಾಮಾ. ಅದೇ ಪೃಷ್ಠ, ಕೈ, ಕಾಲುಗಳಲ್ಲಿ ಉರಿಯುವ ಬೊಕ್ಕೆಗಳಾಗಿ ಬಂದರೆ ಕಚ್ಛು. ರೋಗಕ್ಕಿಂತ ಮೊದಲು ಸ್ಥಾನವನ್ನು ನೋಡಬೇಕೆಂಬ ಈ ವಿವೇಕ ದೊಡ್ಡದು. ಕೈಬೆರಳುಗಳ ಸಂದು, ಮಣಿಕಟ್ಟು, ಸೊಂಟ, ಪೃಷ್ಠ ಇಲ್ಲೆಲ್ಲ ತುರಿ, ರಾತ್ರಿ ಹೆಚ್ಚು, ಮನೆಯಲ್ಲಿ ಇನ್ನೊಬ್ಬರಿಗೂ ಅದೇ ತುರಿ. ಇಷ್ಟು ಕೇಳಿ ನೋಡಿದರೆ ಯಾವ ಯಂತ್ರದ ನೆರವೂ ಇಲ್ಲದೆ ಕಜ್ಜಿಯನ್ನು ಹೇಳಬಹುದು. ಮೈ ಸೋಕುವುದು, ಒಂದೇ ಹಾಸಿಗೆ, ಒಂದೇ ಬಟ್ಟೆ, ಒಂದೇ ಮಾಲೆ, ಒಂದೇ ಅನುಲೇಪನ ಇವುಗಳಿಂದ ಕೆಲವು ರೋಗಗಳು ಒಬ್ಬರಿಂದೊಬ್ಬರಿಗೆ ಸಂಕ್ರಮಿಸುತ್ತವೆಂದು ಸುಶ್ರುತವೇ ಹೇಳಿದೆ. ಆ ಪಟ್ಟಿಯಲ್ಲಿ ಕುಷ್ಠಕ್ಕೆ ಮೊದಲ ಸ್ಥಾನ.

ಈ ಕುಷ್ಠಶಬ್ದವೇ ಎಲ್ಲ ಗೊಂದಲದ ಮೂಲ. ಆಯುರ್ವೇದದಲ್ಲಿ ಕುಷ್ಠವೆಂಬುದು ಒಂದು ರೋಗದ ಹೆಸರಲ್ಲ, ಒಂದು ಕುಲದ ಹೆಸರು. ಚರಕ, ಸುಶ್ರುತ ಇಬ್ಬರ ಮತದಲ್ಲೂ ಕುಷ್ಠಗಳು 18; ಮಹಾಕುಷ್ಠ 7, ಕ್ಷುದ್ರಕುಷ್ಠ 11. ಎಣಿಕೆ ಒಂದೇ ಆದರೂ ಹಂಚಿಕೆ ಒಂದೇ ಅಲ್ಲ. ಚರಕನಲ್ಲಿ ಸಿಧ್ಮ ಮಹಾಕುಷ್ಠ, ದದ್ರು ಕ್ಷುದ್ರಕುಷ್ಠ; ಸುಶ್ರುತನಲ್ಲಿ ದದ್ರು ಮಹಾಕುಷ್ಠ, ಸಿಧ್ಮ ಕ್ಷುದ್ರಕುಷ್ಠ. ಓಲೆಗರಿಯ ವೈದ್ಯಗ್ರಂಥ ಯಾವ ಸಂಪ್ರದಾಯವನ್ನು ಅನುಸರಿಸಿದೆ ಎಂಬುದನ್ನು ಗುರುತಿಸಲು ಈ ಎರಡು ಹೆಸರುಗಳ ಸ್ಥಾನವನ್ನು ನೋಡಿದರೆ ಸಾಕು. ಆದಿಯೂ ಅಂತ್ಯವೂ ಇಲ್ಲದ ತ್ರುಟಿತ ಪ್ರತಿಗಳಲ್ಲಿ ಇದು ಬಹಳ ಉಪಯುಕ್ತವಾದ ಗುರುತು. ಅದಿರಲಿ. ಮುಖ್ಯ ವಿಷಯವೆಂದರೆ, ನಿರಪಾಯವಾದ ಚಿಬ್ಬೂ ಕುಷ್ಠವೇ, ಮನೆಮಕ್ಕಳ ಕಜ್ಜಿಯೂ ಕುಷ್ಠವೇ, ನರಗಳನ್ನು ತಿಂದು ಬೆರಳುಗಳನ್ನು ವಿಕಾರಗೊಳಿಸುವ ರೋಗವೂ ಕುಷ್ಠವೇ. ಈ ಕೊನೆಯದಕ್ಕೆ ಮಾತ್ರ ಕುಷ್ಠರೋಗವೆಂಬ ಹೆಸರನ್ನು ಮೀಸಲಿಟ್ಟದ್ದು ಆಧುನಿಕ ಕಾಲದ ರೂಢಿ. ನಾರ್ವೆಯ ಹ್ಯಾನ್ಸನ್ ಎಂಬ ವೈದ್ಯನು ಅದರ ರೋಗಾಣುವನ್ನು 1873ರಲ್ಲಿ ಕಂಡ ಮೇಲೆ ಆ ರೋಗಕ್ಕೆ ಗಡಿಯೂ ಖಚಿತವಾಯಿತು. ಈ ರೂಢಿಯನ್ನು ಹಿಂದಕ್ಕೆ ಒಯ್ದು ಓಲೆಗಳ ಮೇಲೆ ಹೇರುವುದು ಪ್ರಮಾದ.

ಪ್ರಮಾದದ ಫಲವೇನೆಂಬುದನ್ನು ಬಿಡಿಸಿ ಹೇಳಬೇಕಾಗಿದೆ. 1898ರ ಕುಷ್ಠರೋಗಿಗಳ ಕಾಯಿದೆ ನಿರ್ಗತಿಕರಾದ ರೋಗಿಗಳನ್ನು ಹಿಡಿದು ಪ್ರತ್ಯೇಕ ಆಶ್ರಮಗಳಲ್ಲಿಡಲು ಅಧಿಕಾರ ಕೊಟ್ಟಿತ್ತು. ಅದು ರದ್ದಾದದ್ದು 2016ರಲ್ಲಿ. ವೈವಾಹಿಕ ಕಾಯಿದೆಗಳಲ್ಲಿ ಈ ರೋಗವು ವಿಚ್ಛೇದನಕ್ಕೆ ಕಾರಣವೆಂದಿದ್ದ ಮಾತನ್ನು ತೆಗೆದುಹಾಕಿದ್ದು 2019ರಲ್ಲಿ. ಅಷ್ಟು ಕಾಲ ಈ ಒಂದು ಶಬ್ದ ಮನೆಗಳನ್ನು ಒಡೆಯಬಲ್ಲ ಶಕ್ತಿಯನ್ನು ಹೊಂದಿತ್ತು. ಅಜ್ಜನ ಕಾಲದ ವೈದ್ಯದ ಕಟ್ಟಿನಲ್ಲಿ ‘ಕುಷ್ಠಕ್ಕೆ’ ಎಂಬ ತಲೆಬರಹದಡಿ ಹತ್ತು ಮದ್ದುಗಳಿದ್ದರೆ, ಆ ಮನೆತನದಲ್ಲಿ ಆ ರೋಗವಿತ್ತೆಂದು ಊಹಿಸುವುದು ಎಷ್ಟು ಸುಲಭವೋ ಅಷ್ಟೇ ಅನ್ಯಾಯ. ಮನೆಯ ಹಿರಿಯರು ಬರೆದಿಟ್ಟದ್ದು ಮಕ್ಕಳ ಕಜ್ಜಿಗಿರಬಹುದು.

ಹಾಗೆಂದು ಪ್ರಾಚೀನರು ಮಾರಕವಾದದ್ದನ್ನು ಬೇರ್ಪಡಿಸಲು ಅರಿಯರೆಂದಲ್ಲ. ಕುಷ್ಠದ ಲಕ್ಷಣಗಳಲ್ಲಿ ಸ್ಪರ್ಶಹಾನಿಯನ್ನು, ಎಂದರೆ ಮುಟ್ಟಿದರೂ ಅರಿವಾಗದಿರುವುದನ್ನು, ಸುಶ್ರುತ ಸ್ಪಷ್ಟವಾಗಿ ಎಣಿಸಿದ್ದಾನೆ. ಇಂದಿನ ಪ್ರಾಥಮಿಕ ಚಿಕಿತ್ಸೆಯಲ್ಲೂ ನಿರ್ಣಾಯಕವಾದ ಪ್ರಶ್ನೆ ಇದೇ. ಬಣ್ಣ ಮಾಸಿದ ಮಚ್ಚೆಯನ್ನು ಕಂಡಾಗ ರೋಗಿಯ ಕಣ್ಣು ಮುಚ್ಚಿಸಿ ಹತ್ತಿಯ ಎಳೆಯಿಂದ ಮುಟ್ಟಬೇಕು; ಮುಟ್ಟಿದ ಸ್ಥಳವನ್ನು ಅವನು ತೋರಿಸಬಲ್ಲನಾದರೆ, ಉಜ್ಜಿದಾಗ ಹೊಟ್ಟು ಏಳುವುದಾದರೆ ಅದು ಚಿಬ್ಬು; ತುರಿಯೂ ಇಲ್ಲದೆ ಸ್ಪರ್ಶವೂ ತಿಳಿಯದಿದ್ದರೆ, ಮೊಣಕೈಯ ಹಿಂದಿನ ನರ ಹಗ್ಗದಂತೆ ದಪ್ಪವಾಗಿದ್ದರೆ ಆಗ ಎಚ್ಚರಗೊಳ್ಳಬೇಕು. ತುರಿಸುವ ರೋಗ ರೋಗಿಯನ್ನು ತಾನೇ ವೈದ್ಯನಲ್ಲಿಗೆ ಕರೆತರುತ್ತದೆ. ತುರಿಸದ, ನೋಯದ ರೋಗವೇ ವರ್ಷಗಟ್ಟಲೆ ಅಡಗಿರುತ್ತದೆ. ರಾಷ್ಟ್ರೀಯ ಕುಷ್ಠರೋಗ ನಿರ್ಮೂಲನ ಕಾರ್ಯಕ್ರಮ 1983ರಲ್ಲಿ ಆರಂಭವಾದ ಮೇಲೆ ಬಹು ಔಷಧ ಚಿಕಿತ್ಸೆ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಬೆಲೆಯಿಲ್ಲದೆ ದೊರೆಯುತ್ತದೆ; ಬೇಗ ಕಂಡರೆ ಅಂಗವಿಕಾರವಿಲ್ಲದೆ ಸಂಪೂರ್ಣವಾಗಿ ವಾಸಿಯಾಗುತ್ತದೆ.

ಈ ರೋಗಕ್ಕೆ ಹಿಂದಿನವರಿಗೆ ಗೊತ್ತಿದ್ದ ಮದ್ದು ತುವರಕ. ಪಶ್ಚಿಮ ಸಮುದ್ರದ ನೆಲದಲ್ಲಿ ಬೆಳೆಯುವ ಮರವೆಂದು ಸುಶ್ರುತ ಅದರ ನೆಲೆಯನ್ನು ಹೇಳಿದ್ದಾನೆ. ಪಶ್ಚಿಮ ಘಟ್ಟದ ಕಾಡುಗಳಲ್ಲಿ ಗರುಡಫಲವೆಂದು ಕರೆಯುವ ಮರ ಇದೇ. ಉತ್ತರ ಭಾರತದ ವೈದ್ಯನಿಗೆ ಗ್ರಂಥದಲ್ಲಿ ಮಾತ್ರ ಇದ್ದ ವಸ್ತು ಘಟ್ಟದ ಸೀಮೆಯವರಿಗೆ ಹಿತ್ತಲಿನಾಚೆಯದು. ಈ ಕುಲದ ಮರಗಳ ಬೀಜದ ಎಣ್ಣೆಯನ್ನೇ ಪಾಶ್ಚಾತ್ಯ ವೈದ್ಯರೂ 1940ರ ದಶಕದಲ್ಲಿ ಹೊಸ ಔಷಧ ಬರುವವರೆಗೆ ಈ ರೋಗಕ್ಕೆ ಬಳಸಿದರು.

ಪುರಾಣಕಥೆಗಳಲ್ಲಿ ಕುಷ್ಠ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಶ್ರೀಪಾಲನು ಕುಷ್ಠಪೀಡಿತನಾಗಿ ತನ್ನ ಸಂಗಡಿಗರೊಡನೆ ರಾಜ್ಯ ಬಿಟ್ಟು ಅಲೆದು, ಮದನಸುಂದರಿಯ ಸಿದ್ಧಚಕ್ರಾರಾಧನೆಯ ಗಂಧೋದಕದಿಂದ ಗುಣಹೊಂದಿದ ಕಥೆಯನ್ನು ಕನ್ನಡದಲ್ಲಿ ಮೂರನೆಯ ಮಂಗರಸನು ಹಾಡಿದ್ದಾನೆ. ಪಾರ್ಶ್ವನಾಥಚರಿತವನ್ನು 1025ರಲ್ಲಿ ಮುಗಿಸಿದ ವಾದಿರಾಜಸೂರಿಗಳು ಏಕೀಭಾವಸ್ತೋತ್ರದಿಂದ ಕುಷ್ಠವನ್ನು ಕಳೆದುಕೊಂಡರೆಂಬ ಐತಿಹ್ಯವೂ ಇದೆ. ಸ್ತೋತ್ರದೊಳಗೆ ಕಾಣುವುದು ಈ ದೇಹವನ್ನು ಜಿನನು ಸುವರ್ಣಮಯವಾಗಿಸುವನೆಂಬ ಭಾವ ಮಾತ್ರ. ರೋಗದ ಕಥೆ ಆ ಮಾತನ್ನು ಆಧರಿಸಿ ಬೆಳೆದುಬಂದದ್ದು. ಇಂತಹ ಸ್ಥಳಗಳಲ್ಲಿ ರೋಗ ಯಾವುದೆಂದು ನಿರ್ಣಯಿಸಲು ಹೊರಡುವುದೇ ವ್ಯರ್ಥ. ಲಕ್ಷಣವನ್ನು ಹೇಳದೆ ಹೆಸರನ್ನಷ್ಟೇ ಹೇಳಿದ ಕಥೆಯಿಂದ ನಿದಾನವನ್ನು ಎಳೆಯಬಾರದು.

ಸನತ್ಕುಮಾರ ಚಕ್ರವರ್ತಿಯ ವೃತ್ತಾಂತ ಹಾಗಲ್ಲ. ರೂಪಗರ್ವಿತನಾಗಿದ್ದ ಚಕ್ರವರ್ತಿ ರೂಪದ ಅನಿತ್ಯತೆಯನ್ನು ಕಂಡು ದೀಕ್ಷೆ ವಹಿಸಿ, ಮೈತುಂಬ ರೋಗಗಳನ್ನು ಹೊತ್ತು, ವೈದ್ಯವೇಷದಿಂದ ಬಂದ ದೇವನ ಚಿಕಿತ್ಸೆಯನ್ನು ಬೇಡವೆಂದು, ಜನ್ಮಜರಾಮರಣಗಳ ವ್ಯಾಧಿಯನ್ನು ಕಳೆಯಬಲ್ಲೆಯಾದರೆ ಹೇಳೆಂದು ಕೇಳಿದ ಕಥೆ ವಡ್ಡಾರಾಧನೆಯೆಂದು ಪ್ರಸಿದ್ಧವಾದ ಗ್ರಂಥದಲ್ಲಿ ನಾಲ್ಕನೆಯದು. ಅದಕ್ಕೆ ಮೂಲವಾದ ಭಗವತೀ ಆರಾಧನೆಯ ಗಾಹೆ ಸನತ್ಕುಮಾರ ಮುನಿಯು ಸಹಿಸಿದ ರೋಗಗಳನ್ನು ಬಿಡಿಬಿಡಿಯಾಗಿ ಎಣಿಸುತ್ತದೆ. ಅಲ್ಲಿ ಮೊದಲ ಹೆಸರೇ ಕಚ್ಛು. ಜ್ವರ, ಕಾಸ, ಶೋಷಗಳಿಗಿಂತ ಮುಂಚೆ ಕಜ್ಜಿಯನ್ನು ನಿಲ್ಲಿಸಿದ್ದು ಛಂದಸ್ಸಿನ ಅನುಕೂಲಕ್ಕಾಗಿಯೂ ಇರಬಹುದು. ಆದರೆ ರಾತ್ರಿಯಿಡೀ ಕಜ್ಜಿ ಕೆರೆದವರು ಯಾರೂ ಅದನ್ನು ಕ್ಷುದ್ರವೆಂದು ಹೇಳಲಾರರು. ಜ್ವರದಲ್ಲಿ ದೇಹ ತಾನೇ ಸೋತು ಮಲಗುತ್ತದೆ. ತುರಿಯಲ್ಲಿ ಹಾಗಲ್ಲ, ಕೈ ಏಳುತ್ತದೆ, ಏಳುವ ಕೈಯನ್ನು ಪ್ರತಿ ಗಳಿಗೆಯೂ ತಡೆಯಬೇಕಾಗುತ್ತದೆ. ಪೂಜ್ಯಪಾದರು ಮಲಪರೀಷಹದಲ್ಲಿ ಇದೇ ರೋಗಗಳನ್ನು ಆರಿಸಿಕೊಂಡದ್ದರಲ್ಲಿ ಅನುಭವದ ಬಲವಿದೆ.

ಆ ಆಯ್ಕೆಯ ಶಾಸ್ತ್ರೀಯತೆಯನ್ನೂ ತುಸು ನೋಡಬಹುದು. ಚಿಬ್ಬನ್ನು ಉಂಟುಮಾಡುವ ಶಿಲೀಂಧ್ರ ಎಲ್ಲರ ಚರ್ಮದ ಮೇಲೂ ಇರುವಂಥದ್ದು, ಬೆವರು ಹೆಚ್ಚಿದಾಗ ಬಲಿಯುತ್ತದೆ. ಹುಳುಕಡ್ಡಿಯ ಶಿಲೀಂಧ್ರವೂ ಒದ್ದೆಯ ಸಂದುಗಳಲ್ಲಿ ಹಬ್ಬುತ್ತದೆ. ಇವೆರಡರಲ್ಲಿ ಬೆವರಿನ ಸಂಬಂಧ ನಿಜವಾದದ್ದು. ಕಚ್ಛುವಿಗೆ ಬೆವರಾಗಲಿ ಧೂಳಾಗಲಿ ಕಾರಣವಲ್ಲ, ಶುಚಿಯಾಗಿ ಮೀಯುವವರಿಗೂ ಅದು ಬರುತ್ತದೆ. ಬೆವರು ಅದರ ತುರಿಯನ್ನು ಕೆರಳಿಸುತ್ತದೆ ಅಷ್ಟೇ. ಪೂಜ್ಯಪಾದರ ವಾಕ್ಯದ ಒತ್ತು ತುರಿಕೆಯ ಮೇಲಿರುವುದರಿಂದ ಅಲ್ಲಿ ವಿರೋಧವೇನೂ ಇಲ್ಲ.

ಈಗ ಮುಖ್ಯವಾದ ಪ್ರಶ್ನೆ. ಮುನಿಯು ಸಹಿಸಬೇಕೆಂದು ಸಿದ್ಧಾಂತ ಹೇಳುವಾಗ, ಅದೇ ಪರಂಪರೆಯ ಆಚಾರ್ಯರು ಅದೇ ಸಿಧ್ಮ, ಕಚ್ಛು, ದದ್ರುಗಳಂತಹ ರೋಗಗಳಿಗೆ ಔಷಧವನ್ನು ಬರೆದದ್ದೇಕೆ? ಪರೀಷಹಜಯವನ್ನೇ ಮುಂದಿಟ್ಟು ವೈದ್ಯವು ಜೈನರಲ್ಲಿ ಹೊರಗಿನಿಂದ ಬಂದ ವಿದ್ಯೆಯೆಂದು ವಾದಿಸುವವರಿದ್ದಾರೆ. ದ್ವಾದಶಾಂಗದಲ್ಲಿ ಪ್ರಾಣಾವಾಯವೆಂಬ ಪೂರ್ವವೇ ಇರುವಾಗ ಈ ಮಾತು ನಿಲ್ಲುವುದಿಲ್ಲ. ಅದಕ್ಕಿಂತ ಬಲವಾದ ಉತ್ತರ ತತ್ತ್ವಾರ್ಥಸೂತ್ರದ ಅದೇ ಒಂಬತ್ತನೆಯ ಅಧ್ಯಾಯದಲ್ಲಿದೆ. ವೈಯಾವೃತ್ತ್ಯಕ್ಕೆ ಪಾತ್ರರಾದ ಹತ್ತು ಮಂದಿಯನ್ನು ಎಣಿಸುವ ಸೂತ್ರದಲ್ಲಿ ಆಚಾರ್ಯ, ಉಪಾಧ್ಯಾಯ, ತಪಸ್ವಿ, ಶೈಕ್ಷರ ಬೆನ್ನಿಗೇ ಐದನೆಯವನಾಗಿ ಗ್ಲಾನನು, ಎಂದರೆ ರೋಗಿಯಾದ ಮುನಿಯು, ಬರುತ್ತಾನೆ. ಸಹಿಸು ಎಂಬ ವಿಧಿ ರೋಗಿಗೆ ಹೇಳಿದ್ದು. ಉಪಚರಿಸು ಎಂಬ ವಿಧಿ ನೋಡುವವನಿಗೆ ಹೇಳಿದ್ದು. ಒಂದನ್ನು ಇನ್ನೊಬ್ಬರ ಬಾಯಿಗೆ ಕೊಟ್ಟರೆ ಧರ್ಮವಲ್ಲ, ನಿರ್ದಯತೆಯಾಗುತ್ತದೆ. ರೋಗಪರೀಷಹದ ವ್ಯಾಖ್ಯಾನದಲ್ಲಿ ಪೂಜ್ಯಪಾದರು ಮುನಿಗೆ ತನ್ನ ಮೈಮಲವೇ ಔಷಧವಾಗುವ ಋದ್ಧಿಯಿದ್ದರೂ ದೇಹದಲ್ಲಿ ನಿಸ್ಪೃಹನಾದ್ದರಿಂದ ಅದನ್ನು ತನಗಾಗಿ ಬಳಸುವುದಿಲ್ಲವೆಂದು ಹೇಳಿದ್ದಾರೆ. ಅವನು ಬಳಸುವುದಿಲ್ಲವೆಂಬುದರಿಂದಲೇ ಬೇರೆಯವರು ನೋಡಬೇಕಾದ ಹೊಣೆ ಹುಟ್ಟುತ್ತದೆ. ಯಾಚನೆಯೂ ಒಂದು ಪರೀಷಹವಾದ್ದರಿಂದ ಅವನು ಮದ್ದನ್ನು ಕೇಳುವುದೂ ಇಲ್ಲ. ದೂರು ಹೇಳದ ರೋಗಿಯ ರೋಗವನ್ನು ನೋಟದಿಂದಲೇ ಅರಿಯಬೇಕಾದ ಶ್ರಾವಕನಿಗೆ ಲಕ್ಷಣಜ್ಞಾನ ಇಲ್ಲದೆ ಹೇಗೆ ಸಾಧ್ಯ? ಆಹಾರ, ಔಷಧ, ಶಾಸ್ತ್ರ, ಅಭಯವೆಂಬ ನಾಲ್ಕು ದಾನಗಳಲ್ಲಿ ಔಷಧವನ್ನು ಕೊಡಲು ಧನ ಸಾಲದು. ಯಾವ ಔಷಧ ಯಾವುದಕ್ಕೆ ಎಂಬ ಅರಿವೂ ಬೇಕು. ಕನ್ನಡದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಕಲ್ಯಾಣಕಾರಕವನ್ನು ಇಳಿಸಿದ್ದು, ಮಂಗರಾಜನು ಹದಿನಾಲ್ಕನೆಯ ಶತಮಾನದಲ್ಲಿ ಖಗೇಂದ್ರಮಣಿದರ್ಪಣವನ್ನು ಬರೆದದ್ದು, ಸಾಳ್ವನು ಸಾಂಗತ್ಯವನ್ನು ಹಾಡಿದ್ದು ಈ ಅಗತ್ಯಕ್ಕಾಗಿಯೇ ಎಂದು ತಿಳಿಯುವುದು ಯುಕ್ತ.

ನಿರ್ವಿಚಿಕಿತ್ಸಾಂಗದ ಕಥೆ ಇದನ್ನೇ ಇನ್ನೊಂದು ಬಗೆಯಲ್ಲಿ ತೋರಿಸುತ್ತದೆ. ಸಮ್ಯಕ್ತ್ವದ ಈ ಮೂರನೆಯ ಅಂಗಕ್ಕೆ ರತ್ನಕರಂಡಕದಲ್ಲಿ ದೃಷ್ಟಾಂತನಾದವನು ಉದ್ದಾಯನ ಮಹಾರಾಜ. ಅವನನ್ನು ಪರೀಕ್ಷಿಸಲು ಬಂದ ದೇವನು ತಾಳಿದ ರೂಪ ಯಾವುದೆಂಬುದನ್ನು ಟೀಕಾಕಾರ ಪ್ರಭಾಚಂದ್ರರು ಸಾಮಾನ್ಯವಾದ ಮಾತಿನಿಂದ ಹೇಳದೆ, ಔದುಂಬರ ಕುಷ್ಠದಿಂದ ಕೊಳೆತ ಮೈಯುಳ್ಳ ಮುನಿಯ ರೂಪವೆಂದು ರೋಗದ ಹೆಸರನ್ನೇ ಹಿಡಿದು ಹೇಳಿದ್ದಾರೆ. ಔದುಂಬರವು ಸಪ್ತ ಮಹಾಕುಷ್ಠಗಳಲ್ಲಿ ಒಂದು, ಪಕ್ವವಾದ ಅತ್ತಿಹಣ್ಣಿನಂತೆ ಕೆಂಪಾದದ್ದು. ಆ ಮುನಿ ಉಂಡದ್ದನ್ನೆಲ್ಲ ಕಾರಿದಾಗ ರಾಜನೂ ರಾಣಿಯೂ ಹೇಸದೆ ಅವನನ್ನು ತೊಳೆದು ಉಪಚರಿಸಿದರು; ತಾವು ಕೊಟ್ಟ ಆಹಾರದಲ್ಲೇ ದೋಷವಿತ್ತೇನೋ ಎಂದು ತಮ್ಮನ್ನೇ ನಿಂದಿಸಿಕೊಂಡರು. ಹನ್ನೆರಡನೆಯ ಶತಮಾನದ ಆದಿಯಲ್ಲಿ ಮುಳುಗುಂದದ ನಯಸೇನನು ಧರ್ಮಾಮೃತದಲ್ಲಿ ಸಮ್ಯಕ್ತ್ವದ ಎಂಟು ಅಂಗಗಳ ಕಥೆಗಳನ್ನು ತಿಳಿಗನ್ನಡದಲ್ಲಿ ಹೇಳಿ ಈ ಪಾಠವನ್ನು ಊರೂರಿಗೂ ಒಯ್ದನು. ಚಿಕಿತ್ಸೆ, ವಿಚಿಕಿತ್ಸೆ ಎರಡೂ ಒಂದೇ ಧಾತುವಿನಿಂದ ಹುಟ್ಟಿದ ಶಬ್ದಗಳೆಂಬುದು ವೈಯಾಕರಣರಿಗೆ ತಿಳಿದದ್ದೇ. ಚರ್ಮರೋಗದಲ್ಲಿ ಮೊದಲು ಅಡ್ಡ ಬರುವುದು ವಿಚಿಕಿತ್ಸೆ, ಹೇಸಿಗೆ. ಮುಟ್ಟಿ ನೋಡದೆ ಸ್ಪರ್ಶಹಾನಿಯನ್ನು ತಿಳಿಯುವಂತಿಲ್ಲ, ಉಜ್ಜಿ ನೋಡದೆ ಸಿಧ್ಮವನ್ನು ಹೇಳುವಂತಿಲ್ಲ.

ಔಷಧದ ವಿಷಯದಲ್ಲಿ ಜೈನ ವೈದ್ಯರ ವೈಶಿಷ್ಟ್ಯ ಮದ್ಯ, ಮಾಂಸ, ಮಧುಗಳ ವರ್ಜನೆ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಸಭೆಯಲ್ಲಿ ಮಾಂಸದ ನಿಷ್ಫಲತೆಯನ್ನು ಉಗ್ರಾದಿತ್ಯರು ಸ್ಥಾಪಿಸಿದ ಹಿತಾಹಿತಾಧ್ಯಾಯ, ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳು ಸಂಪಾದಿಸಿ 1940ರಲ್ಲಿ ಸೋಲಾಪುರದಿಂದ ಪ್ರಕಟವಾದ ಕಲ್ಯಾಣಕಾರಕದ ಕೊನೆಯಲ್ಲಿ ಸೇರಿದೆ. ಚರ್ಮಕ್ಕೆ ಲೇಪವಾಗುವ ಮದ್ದುಗಳಲ್ಲಿ ಈ ವರ್ಜನೆಯಿಂದ ತೊಡಕೇನೂ ಬರುವುದಿಲ್ಲ. ಬೇವು, ಹೊಂಗೆ, ಅರಿಸಿನ, ತಗಚೆ, ಗಂಧಕ ಎಲ್ಲವೂ ಗ್ರಾಹ್ಯವೇ. ತೊಡಕು ಇರುವುದು ಬೇರೆಡೆ. ಇಟಲಿಯ ಬೊನೊಮೊ ಎಂಬ ವೈದ್ಯನು 1687ರಲ್ಲಿ ಕಜ್ಜಿಗೆ ಕಾರಣ ಚರ್ಮದೊಳಗೆ ಬಿಲ ತೋಡುವ ಅತಿಸೂಕ್ಷ್ಮ ಕ್ರಿಮಿಯೆಂದು ತೋರಿಸಿಕೊಟ್ಟನು. ರೋಗವು ಒಂದು ತ್ರಸಜೀವದಿಂದ ಬರುವುದಾದರೆ, ಅದನ್ನು ಕೊಲ್ಲುವ ಗಂಧಕದ ಲೇಪ ಅಹಿಂಸಾಣುವ್ರತಿಗೆ ಸಲ್ಲುವುದೇ? ಅಣುವ್ರತಿಯು ತ್ಯಜಿಸಿದ್ದು ಸಂಕಲ್ಪಹಿಂಸೆಯನ್ನು. ತನ್ನನ್ನೂ ಆಶ್ರಿತರನ್ನೂ ರಕ್ಷಿಸುವಲ್ಲಿ ಆಗುವ ಹಿಂಸೆ ಗೃಹಸ್ಥನಿಗೆ ಸಂಪೂರ್ಣವಾಗಿ ಪರಿಹಾರ್ಯವಲ್ಲವೆಂಬುದು ಶ್ರಾವಕಾಚಾರಗಳ ನಿಲುವು. ಇದರ ಮೇಲೆ ಒಂದು ಲೆಕ್ಕವನ್ನೂ ಹಾಕಬೇಕು. ತುರಿ ಇದ್ದವನೊಬ್ಬನಿಗೆ ಮಾತ್ರ ಮದ್ದು ಹಚ್ಚಿ ಮನೆಯವರನ್ನು ಬಿಟ್ಟರೆ ಕ್ರಿಮಿ ಅವರಲ್ಲಿ ಬೆಳೆದು ಮರಳಿ ಬರುತ್ತದೆ, ಮರಳಿ ಮದ್ದು, ಮರಳಿ ವಧೆ. ತಿಂಗಳುಗಟ್ಟಲೆ ಹೀಗೇ ನಡೆಯುತ್ತದೆ. ಮನೆಯವರೆಲ್ಲರಿಗೂ ಒಂದೇ ದಿನ ಕುತ್ತಿಗೆಯಿಂದ ಪಾದದವರೆಗೆ ಹಚ್ಚಿ, ಬಟ್ಟೆ ಹಾಸಿಗೆಗಳನ್ನು ಒಗೆದು ಬಿಸಿಲಿಗೆ ಹಾಕಿ, ಒಂದು ವಾರದ ಮೇಲೆ ಇನ್ನೊಮ್ಮೆ ಹಚ್ಚಿದರೆ ಸಾಮಾನ್ಯವಾಗಿ ಅಲ್ಲಿಗೆ ಮುಗಿಯುತ್ತದೆ. ಇಂದು ಗಂಧಕಕ್ಕೆ ಬದಲಾಗಿ ಪರ್ಮೆಥ್ರಿನ್ ಮುಲಾಮನ್ನು ಕೊಡುತ್ತಾರೆ, ಕ್ರಮ ಇದೇ. ಸರಿಯಾದ ಚಿಕಿತ್ಸೆಯಲ್ಲಿ ಹಿಂಸೆ ಅಲ್ಪ, ಅರೆಚಿಕಿತ್ಸೆಯಲ್ಲಿ ಅಧಿಕ. ಪಂಡಿತರು ಈ ಅಂಶವನ್ನು ಪರಿಶೀಲಿಸುವುದು ಒಳಿತು.

ದದ್ರುವಿನ ವಿಷಯದಲ್ಲಿ ಇಂದಿನ ಕಷ್ಟ ಇನ್ನೊಂದು ಬಗೆಯದು. ತುರಿಯನ್ನು ತಕ್ಷಣ ಅಡಗಿಸುವ ಸ್ಟೆರಾಯ್ಡ್ ಬೆರೆತ ಮುಲಾಮುಗಳನ್ನು ಜನರು ವೈದ್ಯರನ್ನು ಕೇಳದೆಯೇ ಕೊಂಡು ಹಚ್ಚಿಕೊಳ್ಳುತ್ತಾರೆ. ಕೆಂಪು ಇಳಿಯುತ್ತದೆ, ಉಂಗುರದ ಅಂಚು ಮಾಸುತ್ತದೆ, ಶಿಲೀಂಧ್ರ ಮಾತ್ರ ಒಳಗೊಳಗೇ ಹರಡುತ್ತದೆ. ಬಳಿಕ ಬಂದ ವೈದ್ಯನಿಗೆ ಗುರುತು ಹಿಡಿಯಲು ಲಕ್ಷಣವೇ ಉಳಿದಿರುವುದಿಲ್ಲ. ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ದೇಶದುದ್ದಕ್ಕೂ ಮದ್ದಿಗೆ ಬಗ್ಗದ ಹುಳುಕಡ್ಡಿ ಹೆಚ್ಚಿದ್ದಕ್ಕೆ ಇದನ್ನು ಒಂದು ಮುಖ್ಯ ಕಾರಣವೆಂದು ಚರ್ಮವೈದ್ಯರು ಹೇಳುತ್ತಾರೆ. ಲಕ್ಷಣವನ್ನು ಅಳಿಸುವುದೇ ಚಿಕಿತ್ಸೆಯೆಂದು ತಿಳಿಯುವುದು, ಓಲೆಯ ಕಲೆಯನ್ನು ಹೋಗಲಾಡಿಸಲು ಅಕ್ಷರವನ್ನೇ ಒರೆಸಿದಂತೆ.

ಗ್ರಂಥಸೂಚಿಗಳನ್ನು ಸಿದ್ಧಪಡಿಸುವವರಿಗೆ ಉಪಯೋಗವಾಗುವ ಒಂದೆರಡು ವಿಷಯಗಳು ಉಳಿದಿವೆ. ಕೆ. ಭುಜಬಲಿ ಶಾಸ್ತ್ರಿಗಳು 1948ರಲ್ಲಿ ಕನ್ನಡ ಪ್ರಾಂತದ ತಾಡಪತ್ರ ಗ್ರಂಥಗಳ ಸೂಚಿಯನ್ನು ಪ್ರಕಟಿಸಿ ದಾರಿ ತೋರಿದ ಮೇಲೆ ಜೈನ ಭಂಡಾರಗಳ ವೈದ್ಯಗ್ರಂಥಗಳ ಕಡೆಗೆ ಗಮನ ಹರಿದಿದೆಯಾದರೂ, ಕರ್ತೃನಾಮವಿಲ್ಲದ ಮನೆಮದ್ದಿನ ಕಟ್ಟುಗಳನ್ನು ‘ವೈದ್ಯ’ ಎಂಬ ಒಂದೇ ಮಾತಿನಿಂದ ಮುಗಿಸುವ ರೂಢಿ ಹೋಗಿಲ್ಲ. ಇಂತಹ ಕಟ್ಟುಗಳಲ್ಲಿ ‘ಕುಷ್ಠಕ್ಕೆ’ ಎಂದಿರುವಲ್ಲಿ ಆ ಶಬ್ದವನ್ನು ಹಾಗೆಯೇ ಉಳಿಸಿ, ಕೆಳಗಿನ ಮದ್ದನ್ನು ನೋಡಿ ರೋಗವನ್ನು ಊಹಿಸಬೇಕು. ಚಕ್ರಮರ್ದವೆಂಬ ತಗಚೆಯ ಬೀಜವಿದ್ದರೆ ಅದು ದದ್ರು. ಆ ಗಿಡಕ್ಕೆ ದದ್ರುಘ್ನವೆಂಬ ಪರ್ಯಾಯನಾಮವೇ ಇದೆ. ಗಂಧಕ ಪ್ರಧಾನವಾಗಿದ್ದರೆ ಪಾಮಾ, ಕಚ್ಛುಗಳ ಕಡೆಗೆ ನೋಡಬೇಕು. ಬಾವಂಚಿ ಬೀಜವನ್ನು ಹೇಳಿ ಬಿಸಿಲಿಗೆ ಮೈಯೊಡ್ಡಲು ವಿಧಿಸಿದ್ದರೆ ಅದು ಶ್ವಿತ್ರ, ಕನ್ನಡದ ತೊನ್ನು. ಅದಕ್ಕೆ ಅಂಟುವ ಗುಣವಿಲ್ಲ, ಕುಷ್ಠರೋಗದ ಸಂಬಂಧವೂ ಇಲ್ಲ. ತುವರಕ ಬಂದಲ್ಲಿ ಮಾತ್ರ ಇಂದಿನ ಅರ್ಥದ ಕುಷ್ಠರೋಗವನ್ನು ನೆನೆಯಲು ಎಡೆಯುಂಟು. ದದ್ರುಘ್ನವೆಂದಿರುವಲ್ಲಿ ಸೀಮೆ ಅಗಸೆಯೆಂದು ಅರ್ಥ ಬರೆಯುವ ವಾಡಿಕೆಯನ್ನು ಬಿಡಬೇಕು. ಹುಳುಕಡ್ಡಿಗೆ ಆ ಎಲೆ ಒಳ್ಳೆಯ ಮದ್ದೇ ಹೌದು. ಆದರೆ ‘ಸೀಮೆ’ ಎಂಬ ಮಾತೇ ಸೂಚಿಸುವಂತೆ ಅದು ಹೊರಗಿನ ಗಿಡ, ಅಮೆರಿಕ ಖಂಡದಿಂದ ಬಂದದ್ದು. ಸೋಮನಾಥನಾಗಲಿ ಮಂಗರಾಜನಾಗಲಿ ಅದನ್ನು ಕಂಡಿರಲು ಸಾಧ್ಯವಿಲ್ಲ. ಮೂಲಪಾಠದಲ್ಲೇ ಸೀಮೆ ಅಗಸೆಯ ಹೆಸರು ಬಂದರೆ ಆ ಯೋಗ ಪೋರ್ಚುಗೀಸರು ಕರಾವಳಿಗೆ ಬಂದ ಮೇಲಿನದೆಂದು ನಿಶ್ಚಯಿಸಬಹುದು. ಹಳೆಯ ಗ್ರಂಥದ ಪ್ರತಿಯಲ್ಲಿ ಅದಿದ್ದರೆ ಲಿಪಿಕಾರನೋ ಮನೆಯವರೋ ಸೇರಿಸಿದ್ದೆಂದು ಆ ಓಲೆಯನ್ನು ಪ್ರತ್ಯೇಕವಾಗಿ ಗುರುತಿಸಿಡಬೇಕು.